ಒತ್ತು, ಹಿಡಿ, ಬಿಡು

ಬ್ರೇಕ್ ಪೆಡಲ್ ಒತ್ತಿದರೆ ಅದು ಸ್ವಲ್ಪವಾದರೂ ಎದುರುತ್ತರ ಕೊಡಬೇಕು. ಅಂದು ಬೆಳಗ್ಗೆ ದೂರಿನಮ್ಮ ಮನೆಯ ಮುಂದಿನ ಇಳಿಜಾರಿನಲ್ಲಿ ಕಾರನ್ನು ಹಿಂದಕ್ಕೆ ತೆಗೆಯುತ್ತ ಕಾಲಿಟ್ಟಾಗ ಅದು ತುಟಿಪಿಟಕ್ಕೆನ್ನದೆ ತಳಕ್ಕೆ ಇಳಿದುಬಿಟ್ಟಿತು. ಕಾರು ತನ್ನ ಪಾಡಿಗೆ ತಾನು ಹಿಂದೆ ಸರಿದು, ರಸ್ತೆ ದಾಟಿ, ಎದುರು ಮನೆಯ ಗೇಟಿಗೆ ಬೆನ್ನು ಕೊಟ್ಟು ನಿಂತಿತು. ಗೇಟು ಬಿತ್ತು. ಗೇಟಿನ ಹಿಂದೆ ಹಲ್ಲುಜ್ಜುತ್ತ ನಿಂತಿದ್ದ ಯಜಮಾನರು ಬೀಳಲಿಲ್ಲ, ಅದೊಂದೇ ಪುಣ್ಯ.

"ಬ್ರೇಕ್ ಕಲ್ಲಿನ ಹಾಗಿದೆ ಮೇಡಂ, ಧೈರ್ಯವಾಗಿ ಓಡಿಸಿ" ಎಂದು ಗ್ಯಾರೇಜಿನವರು ಕಾರನ್ನು ಒಪ್ಪಿಸಿದ್ದು ಹಿಂದಿನ ಸಂಜೆಯಷ್ಟೇ.

ಅವಳಿಗೆ ದೂರಿನಮ್ಮ ಎಂಬ ಹೆಸರು ಬಿದ್ದದ್ದು ನೀರು ಸರಬರಾಜು ಕಚೇರಿಯ ದೂರಿನ ಕಿಟಕಿಯಲ್ಲಿ ಕೂತು ಕೂತು. ನಲ್ಲಿಯಲ್ಲಿ ಹುಳ ಬಂತೆಂದು, ನಲ್ಲಿಯೇ ಬರಲಿಲ್ಲವೆಂದು ಜನ ಬಂದು ಇಂಜಿನಿಯರ ವಂಶವನ್ನೆಲ್ಲ ಜಾಲಾಡಿದರೆ, ಅವಳು ಅಷ್ಟನ್ನೂ ಕೇಳಿಸಿಕೊಂಡು ಒಳಗೆ ಹೋಗಿ, "ಗ್ರಾಹಕರು ಸ್ವಲ್ಪ ಬೇಜಾರು ಮಾಡ್ಕೊಂಡಿದ್ದಾರೆ ಸಾರ್" ಎನ್ನುತ್ತಿದ್ದಳು. ಇಂಜಿನಿಯರು "ಸಾಯಲಿ ಬಿಡ್ರಿ" ಎಂದರೆ ಕಿಟಕಿಗೆ ಬಂದು, "ಸಾಹೇಬ್ರು ಖುದ್ದಾಗಿ ನೋಡ್ತಾರಂತೆ" ಎನ್ನುತ್ತಿದ್ದಳು. ಹೀಗೆ ಮಾತನ್ನು ತೊಳೆದು, ಒಣಗಿಸಿ, ಮಡಿಸಿ ಕೊಡುವ ಕೆಲಸದಲ್ಲೇ ಅವಳ ಕೂದಲು ಅರ್ಧ ನರೆತಿತ್ತು. ಇದರಿಂದ ಯಾರ ನಲ್ಲಿಗೂ ನೀರು ಬಂದದ್ದಿಲ್ಲ. ಆದರೆ ಕಿಟಕಿಯ ಗಾಜು ಒಮ್ಮೆಯೂ ಒಡೆದಿರಲಿಲ್ಲ.

ಎದುರು ಮನೆಯ ಯಜಮಾನರ ಸಂಗತಿ ತದ್ವಿರುದ್ಧ. ಅವರು ಕೋರ್ಟಿನಲ್ಲಿ ಸ್ಟೆನೋ ಆಗಿ ನಿವೃತ್ತರಾದವರು. ಸಾಕ್ಷಿ ಕೆಮ್ಮಿದರೆ 'ಕೆಮ್ಮಿದರು' ಎಂದೇ ಬರೆದುಕೊಂಡ ಕೈ ಅದು. ಬಾಯಿಯ ನೊರೆ ಒರೆಸಿಕೊಂಡು ಅವರು ಕಾರಿನ ಬಳಿ ಬಂದರು.

"ಮೇಡಂ, ಗೇಟು ಬಿತ್ತು."

"ಬ್ರೇಕ್ ಹಿಡೀಲಿಲ್ಲ ಸಾರ್. ನಿನ್ನೆ ತಾನೇ ರಿಪೇರಿ ಮಾಡಿಸಿದ್ದು."

"ಬ್ರೇಕ್ ಹಿಡೀಲಿಲ್ಲ ಅನ್ನೋದು ನಿಮ್ಮ ಹೇಳಿಕೆ. ಗ್ಯಾರೇಜಿನವರ ಹೇಳಿಕೆ ನಾನು ಕೇಳ್ಬೇಕು. ಇರಿ, ಚಪ್ಪಲಿ ಹಾಕ್ಕೊಂಡು ಬರ್ತೀನಿ."

ಬೇರೆ ದಿನವಾಗಿದ್ದರೆ ದೂರಿನಮ್ಮ ಕಾರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತುತ್ತಿದ್ದಳು. ಅಂದು ಹಾಗೆ ಮಾಡುವಂತಿರಲಿಲ್ಲ. ನಸುಕಿನಲ್ಲೇ ಭಾವನ ಫೋನು ಬಂದಿತ್ತು.

"ನೋಡಮ್ಮಾ, ನಿಮ್ಮಕ್ಕನಿಗೆ ಇವತ್ತು ಮಧ್ಯಾಹ್ನ ಆಪರೇಷನ್. ಹೊಟ್ಟೇಲಿರೋ ಗಡ್ಡೆ ತೆಗೀತಾರೆ. ಡಾಕ್ಟ್ರು ಗ್ಯಾರಂಟಿ ಏನೂ ಕೊಟ್ಟಿಲ್ಲ. ಒಳಗೆ ಹೋಗೋಕೆ ಮುಂಚೆ ಅವಳು ನಿನ್ನ ನೋಡ್ಬೇಕಂತೆ. ಏನೋ ಒಂದು ಮಾತು ಹೇಳ್ಬೇಕಂತೆ."

"ಅಕ್ಕ ಹಾಗಂದ್ಲಾ ಭಾವ? ಅವಳ ಬಾಯಲ್ಲೇ?"

"ಅವಳೇ. ಕಾರಲ್ಲೇ ಬಾ ಆಯ್ತಾ? ಅಪ್ಪನ ಕಾರು ಒಂದ್ಸಲ ನೋಡ್ಬೇಕಂತೆ ಅವಳಿಗೆ."

ಅಕ್ಕತಂಗಿಯರು ಮಾತು ಬಿಟ್ಟಿದ್ದೇ ಆ ಕಾರಿನಿಂದ. ಅಪ್ಪ ಹಾಸಿಗೆ ಹಿಡಿದಾಗ ಮೈ ಒರೆಸಿದ್ದು, ಬಟ್ಟೆ ಬದಲಿಸಿದ್ದು, ರಾತ್ರಿಯೆಲ್ಲ ಕಾಲೊತ್ತಿದ್ದು ಅಕ್ಕ. ಕೊನೆಗೆ ಅಪ್ಪ ಬಾಯಿ ಬಿಟ್ಟು, "ಕಾರು ಚಿಕ್ಕವಳಿಗಿರಲಿ, ಅವಳಿಗೆ ಓಡಿಸೋಕೆ ಬರುತ್ತೆ" ಎಂದು ಹೇಳಿ ಕಣ್ಣು ಮುಚ್ಚಿದ್ದ. ಅಕ್ಕ ಅಂದೇ, "ಹೇಲು ಬಾಚೋಕೆ ನಾನು, ಕಾರಲ್ಲಿ ತಿರುಗೋಕೆ ಅವಳು" ಎಂದವಳು ಆಮೇಲೆ ತಂಗಿಯ ಜೊತೆ ತುಟಿ ಬಿಚ್ಚಲಿಲ್ಲ. ತಂಗಿಯೂ ತಗ್ಗಲಿಲ್ಲ. ಅಲ್ಲಿಂದೀಚೆಗೆ ಅವರಿಬ್ಬರ ನಡುವಿನ ಮಾತೆಲ್ಲ ಭಾವನ ಮೂಲಕ.

ಭಾವ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನಿಂತು ಬದುಕು ಸವೆಸಿದವರು. ಬಲು ಮೆದು ಮನುಷ್ಯ. ಮನೆಗೆ ಬಂದಾಗಲೆಲ್ಲ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ, "ಅಕ್ಕ ಕೇಳಿದ್ಲು, ನೆಗಡಿ ವಾಸಿಯಾಯ್ತಾ ಅಂತ", "ಅಕ್ಕ ನಿನ್ನೆ ನಿನ್ನೇ ನೆನೆಸ್ಕೊಂಡು ಕಣ್ಣೀರು ಹಾಕಿದ್ಲು" ಎನ್ನುತ್ತಿದ್ದರು. ಒಳಗೊಳಗೇ ಇಷ್ಟು ಪ್ರೀತಿ ಇಟ್ಟುಕೊಂಡೂ ಅಕ್ಕ ಒಂದು ಫೋನು ಮಾಡುವುದಿಲ್ಲವಲ್ಲ ಎಂದು ದೂರಿನಮ್ಮ ಎಷ್ಟೋ ಸಲ ಅತ್ತಿದ್ದಳು. ಈಗ ಅಕ್ಕನೇ ಕರೆದಿದ್ದಾಳೆ. ಆ ಒಂದು ಮಾತು ಕೇಳಿಸಿಕೊಳ್ಳದೆ ಅಕ್ಕ ಒಳಗೆ ಹೋಗಿ, ಹೊರಗೆ ಬಾರದೇ ಹೋದರೆ? ಹಾಗಾಗಿ ಕಾರು ಸರಿಯಾಗಲೇಬೇಕಿತ್ತು, ಮಧ್ಯಾಹ್ನದೊಳಗೆ ಆಗಲೇಬೇಕಿತ್ತು.

ಗ್ಯಾರೇಜು ಅದೇ ರಸ್ತೆಯ ಕೊನೆಯಲ್ಲಿತ್ತು. ದೂರಿನಮ್ಮ ಮೊದಲ ಗೇರಿನಲ್ಲಿ, ಹ್ಯಾಂಡ್ ಬ್ರೇಕ್ ಹಿಡಿದುಕೊಂಡು, ಬಸುರಿಯ ಹಾಗೆ ಕಾರನ್ನು ನಡೆಸಿಕೊಂಡು ಹೋದಳು. ಸ್ಟೆನೋ ಸಾಹೇಬರು ಮುಂದೆ ಮುಂದೆ ನಡೆಯುತ್ತ, "ಬ್ರೇಕಿಲ್ಲದ ಗಾಡಿ! ಬ್ರೇಕಿಲ್ಲದ ಗಾಡಿ!" ಎಂದು ದಾರಿಯುದ್ದಕ್ಕೂ ಸಾರಿದರು. ಕಿಟಕಿ ಕಿಟಕಿಯಲ್ಲೂ ಮುಖಗಳು ಕಂಡವು. ಹಾಲಿನ ಅಂಗಡಿಯವಳು ಹೊರಗೆ ಬಂದು, "ಹೆಂಗಸ್ರಿಗೆ ಯಾಕಮ್ಮ ಹಳೇ ಗಾಡಿ" ಎಂದು ಉಚಿತವಾಗಿ ಒಂದು ಮಾತು ಕೊಟ್ಟಳು.

ಆ ಗ್ಯಾರೇಜಿನ ಸಂಗತಿ ಸ್ವಲ್ಪ ಹೇಳಬೇಕು. ಅದು ಅಣ್ಣತಮ್ಮಂದಿರದು. ಒಂದು ಕಾಲಕ್ಕೆ ಅವರಪ್ಪನೂ ಇದ್ದ. ಜಾಕ್ ಮೇಲೆ ಎತ್ತಿ ನಿಲ್ಲಿಸಿದ ಗಾಡಿಯ ಕೆಳಗೆ ಮಲಗಿ ಅಪ್ಪ ಕೆಲಸ ಮಾಡುತ್ತಿದ್ದಾಗ ಜಾಕ್ ಜಾರಿತು. ಜಾಕಿನ ಪಕ್ಕದಲ್ಲಿ ಆಧಾರಕ್ಕೆ ಒಂದು ಮರದ ದಿಮ್ಮಿ ಇಡುವುದು ಪದ್ಧತಿ. ಅಂದು ಅಲ್ಲಿ ದಿಮ್ಮಿ ಇರಲಿಲ್ಲ. ಅಪ್ಪನನ್ನು ಹೊರಗೆ ಎಳೆಯುವಾಗಲೇ ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ. ಆಮೇಲೆ ನೋಡಲಿಲ್ಲ. ಜಾಕ್ ಮಾರಿ ನೆಲದಲ್ಲಿ ಗುಂಡಿ ತೋಡಿಸಿದರು. ಅಣ್ಣ ಗುಂಡಿಯೊಳಗೆ ಇಳಿದ. ತಮ್ಮ ಮೇಲೆ ಉಳಿದ. ಗಾಡಿಯನ್ನು ಕೆಳಗಿನಿಂದ ನೋಡಿದರೆ ಕಾಣುವುದೆಲ್ಲ ಅಣ್ಣನ ಕೆಲಸ, ಬಾನೆಟ್ ಎತ್ತಿದರೆ ಕಾಣುವುದೆಲ್ಲ ತಮ್ಮನ ಕೆಲಸ. ಬೀದಿಯವರು ಅವರನ್ನು ಗುಂಡಿಯಣ್ಣ, ಬಾನೆಟ್ ತಮ್ಮ ಎಂದೇ ಕರೆಯುತ್ತಿದ್ದರು. ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನು ಗಿರಾಕಿಗಳ ಮೂಲಕ ಹೇಳುತ್ತಿದ್ದರು.

ತೊಂದರೆಯೆಂದರೆ, ಬ್ರೇಕ್ ಮೇಲೂ ಇದೆ, ಕೆಳಗೂ ಇದೆ. ಪೆಡಲು ಮೇಲೆ, ಚಕ್ರ ಕೆಳಗೆ, ನಡುವೆ ಎಣ್ಣೆಯ ಕೊಳವೆ. ಕೊಳವೆಯಲ್ಲಿ ಗಾಳಿ ಸೇರಿದರೆ ಅದನ್ನು ತೆಗೆಯಲು ಇಬ್ಬರು ಬೇಕು. ಒಬ್ಬ ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬ ಕೆಳಗೆ ಚಕ್ರದ ಹತ್ತಿರದ ಸ್ಕ್ರೂ ಸಡಿಲಿಸಿ, ಗಾಳಿ ಬುಸ್ಸೆಂದು ಹೋದಮೇಲೆ ಬಿಗಿ ಮಾಡಬೇಕು. ಬಿಗಿಯಾದ ಮೇಲೆಯೇ ಮೇಲಿನವನು ಕಾಲು ಬಿಡಬೇಕು. ಒಂದು ಕ್ಷಣ ಮೊದಲು ಬಿಟ್ಟರೂ ಹೋದ ಗಾಳಿ ಹಿಂದಿರುಗಿ ಬರುತ್ತದೆ. ಒತ್ತು, ಹಿಡಿ, ಬಿಡು. ಇಷ್ಟು ಮಾತಾಡಿದರೆ ಸಾಕು. ಅವರಿಬ್ಬರೂ ಆಡದೆ ಬಿಟ್ಟಿದ್ದು ಆ ಮಾತನ್ನೇ.

"ನೀವು ನಿನ್ನೆ ಇಲ್ಲೇ ನಿಂತ್ಕೋಬೇಕಿತ್ತು ಮೇಡಂ" ಎಂದ ಬಾನೆಟ್ ತಮ್ಮ, ತಪ್ಪೆಲ್ಲ ಅವಳದೇ ಎಂಬ ದನಿಯಲ್ಲಿ. "ನೀವು ಆಫೀಸಿಗೆ ಹೋಗ್ಬಿಟ್ರಿ. ಮಾತಾಡೋರು ಯಾರೂ ಇರ್ಲಿಲ್ಲ. ನಾನು ಎಣ್ಣೆ ಹಾಕಿ ನನ್ನ ಕೆಲಸ ಮುಗಿಸ್ದೆ. ಕೆಳಗಡೆ ಏನಾಯ್ತೋ ನಂಗೇನು ಗೊತ್ತು?"

"ಮತ್ತೆ ಕಲ್ಲಿನ ಹಾಗಿದೆ ಅಂದ್ರಲ್ಲ?"

"ನನ್ನ ಭಾಗ ಕಲ್ಲಿನ ಹಾಗೇ ಇದೆ."

ಗುಂಡಿಯೊಳಗಿಂದ ಒಂದು ಸ್ಪ್ಯಾನರ್ ಠಣ್ಣೆಂದಿತು. "ಮೇಡಂ, ನನ್ನ ಭಾಗಾನೂ ಸರಿಯಾಗೇ ಇದೆ ಅಂತ ಹೇಳಿ."

"ಅವರಿಗೇ ಕೇಳಿಸ್ತಲ್ಲ!" ಎಂದಳು ದೂರಿನಮ್ಮ.

"ಯಾರೋ ಮಾತಾಡಿದ ಹಾಗಾಯ್ತು" ಎಂದ ಬಾನೆಟ್ ತಮ್ಮ. "ಯಾರು ಅಂತ ಗೊತ್ತಾಗ್ಲಿಲ್ಲ."

ದೂರಿನಮ್ಮನಿಗೆ ಅಳಲೂ ಹೊತ್ತಿರಲಿಲ್ಲ. ಕೈಚೀಲವನ್ನು ಕಂಕುಳಿಗೇರಿಸಿ ಕಾರಿನ ಬಾಗಿಲ ಬಳಿ, ಮೇಲಿನವನೂ ಕಾಣುವ ಕೆಳಗಿನವನೂ ಕಾಣುವ ಜಾಗದಲ್ಲಿ ನಿಂತುಕೊಂಡಳು. ಅದು ಅವಳಿಗೆ ಹೊಸ ಕೆಲಸವೇನಲ್ಲ.

"ಮೇಲಿರೋ ಆ ಕತ್ತೆಗೆ ಹೇಳಿ, ಒತ್ತಿ ಹಿಡೀಲಿ ಅಂತ."

"ನಿಮ್ಮಣ್ಣ ಹೇಳ್ತಿದ್ದಾರೆ, ದಯವಿಟ್ಟು ಪೆಡಲ್ ಒತ್ತಿ ಹಿಡೀಬೇಕಂತೆ."

ದಯವಿಟ್ಟು ಎಂಬುದನ್ನು ಕೇಳಿ ತಮ್ಮ ಒಮ್ಮೆ ಬೆಚ್ಚಿದ. ಆದರೂ ಒತ್ತಿದ. "ಒತ್ತಿದ್ದೀನಿ. ಕೆಳಗಿರೋ ಹೆಗ್ಗಣಕ್ಕೆ ಹೇಳಿ, ಸ್ಕ್ರೂ ಯಾವ ಕಡೆ ತಿರುಗುತ್ತೆ ಅಂತಾದ್ರೂ ನೆನಪಿದ್ಯಾ ಕೇಳಿ."

"ಒತ್ತಿದ್ದಾರಂತೆ. ನೀವು ನಿಧಾನಕ್ಕೆ ಮಾಡಿ, ಅವಸರ ಇಲ್ಲ ಅಂತಿದ್ದಾರೆ."

"ಅವನಾ ಹಾಗಂದಿದ್ದು?" ಎಂದ ಗುಂಡಿಯಣ್ಣ. "ಸರಿ, ಬಿಡೋದು ಬೇಡ, ಹಿಡಿದೇ ಇರ್ಲಿ ಅಂತ ಹೇಳಿ, ಸೋಮಾರಿ ಅವನು, ಬಿಟ್ಬಿಡ್ತಾನೆ."

ಸೋಮಾರಿಯನ್ನು ಹೇಗೆ ತೊಳೆಯುವುದೆಂದು ದೂರಿನಮ್ಮ ಯೋಚಿಸಿದಳು. "ನಿಮಗೆ ಆಯಾಸ ಆಗಿರಬಹುದು, ಆದ್ರೂ ಸ್ವಲ್ಪ ಹೊತ್ತು..." ಎಂದು ಅವಳು ಶುರು ಮಾಡುವಷ್ಟರಲ್ಲಿ ತಮ್ಮನ ಕಾಲು ಮೇಲೆ ಬಂದಿತ್ತು. ಕೆಳಗೆ ಸ್ಕ್ರೂ ಇನ್ನೂ ತೆರೆದಿತ್ತು. ಗಾಳಿ ಮತ್ತೆ ಮನೆ ಸೇರಿತು.

ಹೀಗೇ ಬೆಳಗೆಲ್ಲ ನಡೆಯಿತು. ಅಣ್ಣನ ಮಾತು ಅವಳಲ್ಲಿಗೆ ಬಂದು, ಸ್ನಾನ ಮಾಡಿ, ಬಟ್ಟೆ ಬದಲಿಸಿ ತಮ್ಮನಲ್ಲಿಗೆ ಹೋಗುವ ಹೊತ್ತಿಗೆ ಕೆಲಸ ಕೆಟ್ಟಿರುತ್ತಿತ್ತು. ಸ್ಟೆನೋ ಸಾಹೇಬರು ಹಳೆಯ ಸೀಟೊಂದರ ಮೇಲೆ ಕೂತು ತಲೆ ಅಲ್ಲಾಡಿಸುತ್ತಿದ್ದರು.

"ಮೇಡಂ, ಸಾಕ್ಷಿ ಹೇಳಿದ್ದೊಂದು, ನೀವು ದಾಖಲಿಸ್ತಿರೋದೊಂದು. ಕತ್ತೆ ಎಲ್ಲಿ ಹೋಯ್ತು? ಹೆಗ್ಗಣ ಎಲ್ಲಿ ಹೋಯ್ತು?"

"ನೀವು ಸುಮ್ನಿರಿ ಸಾರ್, ನಿಮ್ಮ ದಮ್ಮಯ್ಯ."

ಕೊನೆಗೆ ಪೆಡಲ್ ಸ್ವಲ್ಪ ಗಟ್ಟಿಯಾದಂತೆ ಕಂಡಿತು. ನೋಡಿಯೇ ಬಿಡೋಣವೆಂದು ದೂರಿನಮ್ಮ ಕಾರನ್ನು ಹೊರಗೆ ತೆಗೆದಳು. ಸ್ಟೆನೋ ಸಾಹೇಬರು ಕರೆಯದೆಯೇ ಪಕ್ಕದಲ್ಲಿ ಕೂತರು. ಪೆಟ್ರೋಲಿನ ಮುಳ್ಳು ತಳ ಹಿಡಿದಿತ್ತು. ದಾರಿಯಲ್ಲಿ ತುಂಬಿಸಿದರಾಯಿತು ಎಂದುಕೊಂಡಳು. ಮೊದಲ ಸಲ ಒತ್ತಿದಾಗ ಬ್ರೇಕ್ ಹಿಡಿಯಿತು. ಅವಳ ಮುಖದಲ್ಲಿ ನಗು ಮೂಡಿತು. ಎರಡನೆಯ ಸಲ ಒತ್ತಿದಾಗ ಪೆಡಲ್ ಬೆಳಗಿನ ಹಾಗೇ ಪಾತಾಳಕ್ಕೆ ಹೋಯಿತು. ಕಾರು ಹೋಗಿ ಗ್ಯಾರೇಜಿನವರೇ ಪೇರಿಸಿಟ್ಟಿದ್ದ ಹಳೆಯ ಟೈರುಗಳ ರಾಶಿಗೆ ನುಗ್ಗಿತು. ಟೈರುಗಳು ಬಿಡುಗಡೆ ಸಿಕ್ಕವರಂತೆ ರಸ್ತೆಯುದ್ದಕ್ಕೂ ಉರುಳಿದವು. ಒಂದು ಮಾತ್ರ ನೇರವಾಗಿ ಹಾಲಿನ ಅಂಗಡಿಯ ಒಳಗೇ ಹೋಯಿತು.

"ಡಿಕ್ಕಿ" ಎಂದರು ಸ್ಟೆನೋ ಸಾಹೇಬರು, ಯಾರೋ ಬರೆದುಕೊಳ್ಳುತ್ತಿದ್ದಾರೆ ಎಂಬಂತೆ.

ಕಾರನ್ನು ಮತ್ತೆ ಗುಂಡಿಯ ಮೇಲೆ ತಳ್ಳಿ ನಿಲ್ಲಿಸುವಷ್ಟರಲ್ಲಿ ಭಾವನ ಫೋನು ಬಂತು.

"ಎಲ್ಲಿದ್ದೀಯಮ್ಮಾ? ಇನ್ಯಾರದೋ ಆಪರೇಷನ್ ಮುಂದೆ ಹೋಯ್ತಂತೆ. ಅಕ್ಕನ್ನ ಬೇಗ ಒಳಗೆ ಕರ್ಕೊಂಡು ಹೋಗ್ತಾರಂತೆ. ಅವಳು ಬಾಗಿಲ ಕಡೇನೇ ನೋಡ್ತಿದ್ದಾಳೆ."

ದೂರಿನಮ್ಮ ಫೋನು ಹಿಡಿದುಕೊಂಡು ಹೊರಗೆ ಹೋಗಿ, ಮಗುಚಿ ಹಾಕಿದ್ದ ಎಣ್ಣೆ ಡಬ್ಬದ ಮೇಲೆ ಕುಸಿದಳು. ಅಕ್ಕ ಬಾಗಿಲ ಕಡೆ ನೋಡುತ್ತಿದ್ದಾಳೆ. ಚಿಕ್ಕವಳಿದ್ದಾಗ ಶಾಲೆಯಿಂದ ತಾನು ಬರುವುದು ತಡವಾದರೆ ಅವಳು ಹಾಗೇ ನಿಂತಿರುತ್ತಿದ್ದಳು, ಬಂದ ಕೂಡಲೇ ತಲೆಗೊಂದು ಮೊಟಕಲು. ಇಷ್ಟು ವರ್ಷ ಹಿಡಿದಿಟ್ಟ ಅಳು ಅಲ್ಲಿ, ಆ ಜಿಡ್ಡು ನೆಲದ ಮೇಲೆ ಬಂತು.

ಒಳಗೆ ಕೆಲಸ ನಿಂತುಹೋಗಿತ್ತು. ಮಾತಾಡುವವರಿರಲಿಲ್ಲ. ಸ್ಟೆನೋ ಸಾಹೇಬರು ಎದ್ದು, ಅಂಗಿ ಸರಿಮಾಡಿಕೊಂಡು, ದೂರಿನಮ್ಮ ನಿಂತಿದ್ದ ಜಾಗದಲ್ಲಿ ನಿಂತರು.

"ಹೇಳಿ" ಎಂದರು ಗುಂಡಿಗೆ ಬಗ್ಗಿ.

"ಆ ಕತ್ತೆಗೆ ಹೇಳಿ, ಒತ್ತಲಿ."

ಸ್ಟೆನೋ ಸಾಹೇಬರು ನೆಟ್ಟಗಾದರು. "ಕೆಳಗಿನವರ ಹೇಳಿಕೆ: ಆ ಕತ್ತೆಗೆ ಹೇಳಿ, ಒತ್ತಲಿ."

ಬಾನೆಟ್ ತಮ್ಮನ ಬಾಯಿ ತೆರೆದುಕೊಂಡಿತು. "ಕತ್ತೆ ಅಂದ್ನಾ?"

"ಈಗ ಮಾತ್ರ ಅಲ್ಲ, ಬೆಳಗ್ಗೆಯಿಂದ್ಲೂ ಅಂತಿದ್ದಾರೆ. ಜೊತೆಗೆ ಸೋಮಾರಿ. ದಂಡಪಿಂಡ. ಅಪ್ಪನ ಅನ್ನ ತಿಂದು ಅಪ್ಪನ್ನೇ ತಿಂದವನು ಅಂತಾನೂ ಒಂದ್ಸಲ ಹೇಳಿದ್ರು, ಆಗ ಮೇಡಂ ನಿಮಗೆ 'ಅಣ್ಣ ಊಟಕ್ಕೆ ಕರೀತಿದ್ದಾರೆ' ಅಂತ ಹೇಳಿದ್ರು."

ತಮ್ಮ ಪೆಡಲನ್ನು ಒತ್ತಿದ ರಭಸಕ್ಕೆ ಕಾರೇ ಅಲುಗಿತು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನು ನೇರವಾಗಿ ಗುಂಡಿಯ ಕಡೆ ತಿರುಗಿ ಕೂಗಿದ. "ಒತ್ತಿದ್ದೀನಿ ಕಣೋ ಹೆಗ್ಗಣ!"

"ಹಿಡಿಯೋ ಕತ್ತೆ!"

"ಹಿಡಿದಿದ್ದೀನೋ! ತಿರುಗ್ಸೋ!"

"ತಿರುಗ್ಸಿ ಆಯ್ತು, ಬಿಡೋ!"

"ಬಿಟ್ಟೆ! ಮುಂದಿನ ಚಕ್ರಕ್ಕೆ ಹೋಗೋ!"

"ಹೋದೆ! ಒತ್ತೋ!"

ಬೈಗುಳಕ್ಕೆ ಒಂದು ತಾಳ ಕೂಡಿತು. ಗಾಳಿ ಬುಸ್ ಬುಸ್ಸೆಂದು ಹೊರಗೆ ಹೋಯಿತು. ಒಂದೊಂದು ಚಕ್ರವೂ ಒಂದೊಂದು ತಲೆಮಾರನ್ನು ಬೈಯುವಷ್ಟರಲ್ಲಿ ಮುಗಿಯಿತು. ಕೂಗು ಕೇಳಿ ಓಡಿ ಬಂದ ದೂರಿನಮ್ಮ ಪೆಡಲ್ ಒತ್ತಿ ನೋಡಿದರೆ ಅದು ನಿಜಕ್ಕೂ ಕಲ್ಲು. ಟೈರು ವಾಪಸು ತಂದಿದ್ದ ಹಾಲಿನ ಅಂಗಡಿಯವಳೂ ನಿಂತು ನೋಡಿ, "ಮಾತಾಡಿದ್ರು! ಅಣ್ಣತಮ್ಮ ಮಾತಾಡಿದ್ರು!" ಎಂದು ಕಣ್ಣೊರೆಸಿಕೊಂಡಳು.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಬ್ರೇಕ್ ಮುಗಿದಿತ್ತು, ಮಾತು ಮುಗಿದಿರಲಿಲ್ಲ. ಅಣ್ಣ ಗುಂಡಿಯಿಂದ ಮೇಲೆ ಹತ್ತಿ ಬಂದ. ಇಬ್ಬರೂ ಎದುರೆದುರು ನಿಂತರು.

"ದಿಮ್ಮಿ ಯಾಕೆ ಇಡ್ಲಿಲ್ಲ ಅವತ್ತು?" ಎಂದ ಅಣ್ಣ.

"ನೀನು ಇಟ್ಟಿರ್ತೀಯ ಅಂದ್ಕೊಂಡಿದ್ದೆ."

"ನೀನು ಇಟ್ಟಿರ್ತೀಯ ಅಂತ ನಾನು ಅಂದ್ಕೊಂಡಿದ್ದೆ."

ಗೋಡೆಯ ಮೇಲಿನ ಅಪ್ಪನ ಫೋಟೋ ಇಬ್ಬರನ್ನೂ ನೋಡುತ್ತಿತ್ತು. ಈಗ ಇವರು ತಬ್ಬಿಕೊಳ್ಳುತ್ತಾರೆ ಎಂದುಕೊಂಡಳು ದೂರಿನಮ್ಮ. ಅಷ್ಟರಲ್ಲಿ ತಮ್ಮ, "ಅಂದ್ರೆ ಅಪ್ಪನ್ನ ನಾನು ಕೊಂದೆ ಅಂತೀಯಾ?" ಎಂದ. ಅಣ್ಣ, "ಮತ್ತೆ ನಾನು ಕೊಂದ್ನಾ?" ಎಂದ. ಮೊದಲು ಯಾರ ಕೈ ಸ್ಪ್ಯಾನರಿಗೆ ಹೋಯಿತೆಂದು ಸ್ಟೆನೋ ಸಾಹೇಬರಿಗೂ ಹೇಳಲಾಗಲಿಲ್ಲ.

ಕಾಲು ಗಂಟೆಯೊಳಗೆ ದೂರಿನಮ್ಮ ಆಸ್ಪತ್ರೆಯ ದಾರಿಯಲ್ಲಿದ್ದಳು. ಹಿಂದಿನ ಸೀಟಿನಲ್ಲಿ ಹಣೆ ಒಡೆದ ಅಣ್ಣ, ತಲೆ ಒಡೆದ ತಮ್ಮ, ನಡುವೆ ಸ್ಟೆನೋ ಸಾಹೇಬರು. ಅಪ್ಪ ಮೇಣ ಹಚ್ಚಿ ಮಿಂಚಿಸುತ್ತಿದ್ದ ಸೀಟಿನ ಮೇಲೆ ರಕ್ತ ಹನಿಯುತ್ತಿತ್ತು. ಎದುರಿಗೆ ಲಾರಿ ಬಂದಾಗ ಅವಳು ಬ್ರೇಕ್ ಒತ್ತಿದಳು, ಕಾರು ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತಿತು.

"ಭೇಷ್" ಎಂದ ಅಣ್ಣ, ರಕ್ತ ಒರೆಸಿಕೊಳ್ಳುತ್ತ.

"ನನ್ನ ಎಣ್ಣೆ" ಎಂದ ತಮ್ಮ.

ಮೂವರನ್ನೂ ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಇಳಿಸಿ ಅವಳು ಮೆಟ್ಟಿಲು ಹತ್ತಿ ಓಡಿದಳು. ಉದ್ದನೆಯ ಕಾರಿಡಾರಿನ ಕೊನೆಯಲ್ಲಿ ತಳ್ಳುಮಂಚವೊಂದು ನಿಂತಿತ್ತು. ಪಕ್ಕದಲ್ಲಿ ಭಾವ. ಮಂಚದ ಮೇಲೆ ಹಸಿರು ಬಟ್ಟೆಯೊಳಗೆ ಅಕ್ಕ ಅರ್ಧದಷ್ಟಾಗಿದ್ದಳು. ಮುಖವೆಲ್ಲ ಇಳಿದುಹೋಗಿ ಅಪ್ಪನ ಮೂಗೊಂದೇ ಉಳಿದಿತ್ತು.

"ಅಕ್ಕಾ" ಎಂದಳು ದೂರಿನಮ್ಮ. ಅಷ್ಟು ವರ್ಷಗಳ ಮೇಲೆ ಆ ಪದ ನಾಲಿಗೆಗೆ ಹೊಸದಾಗಿತ್ತು.

ಅಕ್ಕ ಅವಳನ್ನು ಮೇಲಿನಿಂದ ಕೆಳಗಿನವರೆಗೆ, ಅಂಗಿಯ ಮೇಲಿನ ಎಣ್ಣೆ ಕಲೆಯ ಸಮೇತ ನೋಡಿದಳು. "ಕೀ ತಂದ್ಯಾ?"

"ಯಾವ ಕೀ?"

"ಯಾವ ಕೀ ಅಂದ್ರೆ? ಅಪ್ಪನ ಕಾರಿಂದು. ತಪ್ಪಾಯ್ತು ಅಂತ ಹೇಳಿ ಕಾರು ನಂಗೇ ಒಪ್ಪಿಸ್ತೀಯಂತೆ. ಅದನ್ನೇ ನೆನೆಸ್ಕೊಂಡು ಊಟ ನಿದ್ದೆ ಬಿಟ್ಟಿದ್ದೀಯಂತೆ. ನಿಮ್ಮ ಭಾವ ಹೇಳಿದ್ರು. ಅದಕ್ಕೇ ಬರ್ಲಿ ಅಂದೆ."

"ನೀನು ನಂಗೇನೋ ಒಂದು ಮಾತು ಹೇಳ್ಬೇಕು ಅಂತ ಕರೆಸಿದ್ಯಂತಲ್ಲಾ ಅಕ್ಕ?"

"ನಾನಾ? ನಾನು ಮೊದ್ಲು ಅಂದಿದ್ದು, ಸತ್ರೆ ಆಮೇಲೆ ಹೇಳಿ ಸಾಕು, ಮುಂಚೆನೇ ಬಂದು ತಲೆ ತಿನ್ನೋದು ಬೇಡ ಅಂತ."

ಇಬ್ಬರೂ ಒಟ್ಟಿಗೆ ಭಾವನ ಕಡೆ ತಿರುಗಿದರು. ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು. ಗಾಜು ಸವೆದುಹೋಗುವಷ್ಟು ಒರೆಸುತ್ತಿದ್ದರು.

ಆಗ ದೂರಿನಮ್ಮನಿಗೆ ಎಲ್ಲ ಅರ್ಥವಾಯಿತು. ನೆಗಡಿ ವಾಸಿಯಾಯ್ತಾ ಎಂದದ್ದು, ನೆನೆಸಿಕೊಂಡು ಅತ್ತದ್ದು, ಯಾವುದೂ ಅಕ್ಕನದಲ್ಲ. ಎಲ್ಲ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಮಡಿಸಿದ್ದು. ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದರೆ ಇದ್ದದ್ದೆಲ್ಲ ಹೊರಗೆ ಬರುತ್ತಿತ್ತು. ಆದರೆ ಬೆಳಗ್ಗೆಯಿಂದ ತಾನು ಮಾಡಿದ್ದೇನು? ಇದ್ದದ್ದನ್ನು ಇದ್ದ ಹಾಗೆ ಹೇಳಿದ ಇಬ್ಬರು ಈಗ ಕೆಳಗಿನ ಮಹಡಿಯಲ್ಲಿ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದರು.

"ಹೊತ್ತಾಯ್ತಮ್ಮ" ಎಂದ ಮಂಚ ತಳ್ಳುವವನು.

ದೂರಿನಮ್ಮ ಕೀ ತೆಗೆದು ಅಕ್ಕನ ಅಂಗೈಯಲ್ಲಿಟ್ಟಳು. "ಹೌದಕ್ಕ. ನಾನೇ ಹೇಳಿ ಕಳಿಸಿದ್ದು. ತಪ್ಪಾಯ್ತು." ಸುಳ್ಳೆಂದುಕೊಂಡೇ ಆಡಿದ ಮಾತು ಅದು. ಆಡಿದ ಮೇಲೆ ನೋಡಿದರೆ ನಿಜವಾಗಿತ್ತು.

ಅಕ್ಕನ ಬೆರಳುಗಳು ಕೀಯ ಮೇಲೆ ಮುಚ್ಚಿಕೊಂಡವು. "ಬ್ರೇಕ್ ಸರಿ ಇದೆ ತಾನೇ?"

"ಕಲ್ಲಿನ ಹಾಗಿದೆ."

ಬಾಗಿಲ ಬಳಿ ನರ್ಸು, ಲೋಹದ ವಸ್ತು ಒಳಗೆ ಬಿಡುವುದಿಲ್ಲವೆಂದು ಕೀಯನ್ನು ಬಿಡಿಸಿ ಭಾವನ ಕೈಗೆ ಕೊಟ್ಟಳು. "ಯಾರ ಕೈಗೂ ಕೊಡ್ಬೇಡಿ" ಎಂದು ಅಕ್ಕ ಗಂಡನಿಗೆ ಹೇಳಿದ್ದು ತಂಗಿಗೂ ಕೇಳಿಸಿತು. ಬಾಗಿಲು ಮುಚ್ಚಿತು.

ಕಾಯುವುದು ಶುರುವಾಯಿತು. ಸ್ಟೆನೋ ಸಾಹೇಬರು ಗೇಟಿಗೆ ಕಾವಲಿಲ್ಲವೆಂದು ಮನೆಗೆ ಹೋದರು. ಅಣ್ಣತಮ್ಮಂದಿರು ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಬಂದು ಅವಳ ಬೆಂಚಿನಲ್ಲೇ, ಒಬ್ಬ ಈ ಕಡೆ ಒಬ್ಬ ಆ ಕಡೆ ಕೂತರು. ಬಹಳ ಹೊತ್ತಿನ ಮೇಲೆ ಅಣ್ಣ ಕೆಮ್ಮಿದ.

"ಮೇಡಂ, ಆ ಕತ್ತೆಗೆ ಹೇಳಿ, ತಲೆ ಸುತ್ತೋ ಹಾಗಿದ್ರೆ ಒರಗಿಕೊಳ್ಳಲಿ ಅಂತ."

ದೂರಿನಮ್ಮನಿಗೆ ತೊಳೆಯುವ ಶಕ್ತಿ ಉಳಿದಿರಲಿಲ್ಲ. "ನಿಮ್ಮನ್ನ ಕತ್ತೆ ಅಂದ್ರು. ತಲೆ ಸುತ್ತಿದ್ರೆ ಒರಗಿಕೊಳ್ಳಬೇಕಂತೆ."

"ಹೆಗ್ಗಣಕ್ಕೆ ಹೇಳಿ, ಸುತ್ತುತ್ತಾ ಇದೆ ಅಂತ."

ಅವಳು ಎದ್ದು ಗೋಡೆಗೆ ಒರಗಿ ನಿಂತಳು. ಸ್ವಲ್ಪ ಹೊತ್ತಿಗೆ ತಮ್ಮನ ಬ್ಯಾಂಡೇಜು ಅಣ್ಣನ ಹೆಗಲ ಮೇಲಿತ್ತು. ಇಬ್ಬರೂ ಎದುರು ಗೋಡೆಯನ್ನು ನೋಡುತ್ತಿದ್ದರು.

ಹೊರಗೆ ಬಿಸಿಲು ಇಳಿಯುವ ಹೊತ್ತಿಗೆ ನರ್ಸು ಭಾವನನ್ನು ಒಳಗೆ ಕರೆದಳು. ಆಮೇಲೆ ಬಾಗಿಲು ಮತ್ತೆ ತೆರೆಯಿತು. ಭಾವ ಹೊರಗೆ ಬಂದರು. ದೂರಿನಮ್ಮನನ್ನು ನೋಡಿದರು. ಮೊದಲು ಕೈಯೆತ್ತಿ ಕನ್ನಡಕ ತೆಗೆದರು.

"ಭಾವ, ಮೊದಲು ಕನ್ನಡಕ ಹಾಕ್ಕೊಳ್ಳಿ. ಆಮೇಲೆ ಹೇಳಿ."

ಭಾವ ತಬ್ಬಿಬ್ಬಾದರು. ಕನ್ನಡಕ ಹಾಕಿಕೊಂಡರು. ಕನ್ನಡಕದೊಳಗೆ ಕಣ್ಣು ಒದ್ದೆಯಾಗಿತ್ತು. "ಬದುಕಿದ್ದಾಳೆ. ಗಡ್ಡೆ ಪೂರ್ತಿ ತೆಗೆಯೋಕಾಗ್ಲಿಲ್ಲವಂತೆ. ಇನ್ನು ಎಷ್ಟು ದಿನ ಅಂತ ಹೇಳೋಕಾಗಲ್ಲ ಅಂದ್ರು."

"ಎಚ್ಚರ ಇದ್ಯಾ? ಏನಾದ್ರೂ ಅಂದ್ಲಾ?"

"ನಿನ್ನ ವಿಷಯವೇ ಅಂದ್ಲು" ಎಂದು ಭಾವನ ಕೈ ಮತ್ತೆ ಕನ್ನಡಕಕ್ಕೆ ಹೋಯಿತು. ಅವಳು ದಿಟ್ಟಿಸಿ ನೋಡಿದಳು. ಕೈ ಕೆಳಗಿಳಿಯಿತು. "'ಪೆಟ್ರೋಲ್ ಎಷ್ಟಿದೆ ನೋಡಿ, ಖಾಲಿ ಟ್ಯಾಂಕು ಕೊಟ್ಟು ಹೋಗೋ ಬುದ್ಧಿ ಅವಳದು' ಅಂದ್ಲು."

ದೂರಿನಮ್ಮ ಮುಖ ಮುಚ್ಚಿಕೊಂಡಳು. ನಗು ಬಂತೋ ಅಳು ಬಂತೋ, ಎರಡೂ ಒಂದೇ ಬಾಗಿಲಲ್ಲಿ ಬಂದವು. ಅದು ಅಕ್ಕನ ಮಾತು. ಯಾರೂ ತೊಳೆಯದ, ಮಡಿಸದ, ಅಕ್ಕನ ಬಾಯಿಂದ ಬಿದ್ದ ಹಾಗೇ ಬಂದ ಮಾತು, ತಲೆಗೆ ಮೊಟಕಿದ ಹಾಗಿತ್ತು.

"ಟ್ಯಾಂಕು ಖಾಲಿಯೇ ಇದೆ ಭಾವ. ಹಾಗೇ ಹೇಳಿ. ಈಗ ತುಂಬಿಸ್ಕೊಂಡು ಬರ್ತಾಳಂತೆ ಅಂತಾನೂ ಹೇಳಿ. ಕೀ ಕೊಡಿ."

ಭಾವ ಜೇಬಿನ ಮೇಲೆ ಕೈಯಿಟ್ಟುಕೊಂಡರು. ಕನ್ನಡಕ ಮುಟ್ಟಲಿಲ್ಲ. "ಯಾರ ಕೈಗೂ ಕೊಡ್ಬೇಡಿ ಅಂದಿದ್ದಾಳಮ್ಮ. ಈಗ ಮತ್ತೆ ನಿನ್ನ ಹೆಸರು ಹಿಡಿದೇ ಅಂದಿದ್ದಾಳೆ."

ದೂರಿನಮ್ಮ ಆಸ್ಪತ್ರೆಯ ಕಾವಲುಗಾರನ ಹತ್ತಿರ ಒಂದು ಖಾಲಿ ಕ್ಯಾನು ಕೇಳಿ ತೆಗೆದುಕೊಂಡು, ಪೆಟ್ರೋಲ್ ಬಂಕ್ ಯಾವ ಕಡೆ ಎಂದು ವಿಚಾರಿಸಿ, ರಸ್ತೆಯ ಪಕ್ಕದಲ್ಲಿ ನಡೆಯತೊಡಗಿದಳು.